ಹೊಂಗೆಮರದ ಕೆಳಗೆ ನಾಲ್ಕು ಕಾಲೇಜು

ಮೋನಿಷಾ ಇಸ್ತ್ರಿ ಗಾಡಿಯ ಮೇಲೆ ಹಾಳೆ ಹರಡಿದಳು.
ಹಾರದ ಹಾಗೆ ಒಂದು ಮೂಲೆಗೆ ನೀರಿನ ಬಾಟಲಿ,
ಇನ್ನೊಂದಕ್ಕೆ ನನ್ನ ಎಡಗೈ.
ಬಲಗೈಯಲ್ಲಿ ಆರು ಕೇಜಿಯ ಪೆಟ್ಟಿಗೆ, ಒಳಗೆ ಕೆಂಡ;
ಅದನ್ನ ಮಾತ್ರ ಇಡಬೇಡಮ್ಮ, ಅಂದಳು.

ಅಡ್ಡಗೆರೆ, ಉದ್ದಗೆರೆ. ಸ್ಕೇಲು ಇಟ್ಟು ಎಳೆದಿದ್ದಾಳೆ.
ಎಡಕ್ಕೆ ಕಾಲೇಜು, ಆಮೇಲೆ ಫೀಸು, ಬಸ್ಸು, ಲೈಬ್ರರಿ.
ಕಾಂಬಿನೇಷನ್ ಅನ್ನೋ ಕಡೆ ಮೂರು ಮೂರು ಅಕ್ಷರ.
ಎಚ್‌ಇಎಸ್ ಅಂದರೆ?
ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ.
ಮೂರನ್ನೂ ಒಂದೇ ಗಂಟು ಕಟ್ಟಿ ಕೊಡ್ತಾರಾ?
ಅವಳು ನಗಲಿಲ್ಲ.
ಸೈಬರ್ ಸೆಂಟರಿನವನು ಐದಕ್ಕೆ ಬಾಗಿಲು ಹಾಕುತ್ತಾನೆ.

ನನಗೂ ಓದಲು ಬರುತ್ತದೆ, ನಿಧಾನ.
ಕಾಲೇಜು ಓದಲು ಮಾತ್ರ ನನ್ನದೇ ದಾರಿ:
ನಾಗರಭಾವಿಯ ಈ ಮರದ ಕೆಳಗೆ ಹದಿನಾರು ವರ್ಷದಿಂದ
ಮೇಷ್ಟ್ರುಗಳ ಬಟ್ಟೆ ನನ್ನ ಕೈ ದಾಟಿ ಹೋಗುತ್ತವೆ.

ಮೊದಲನೆಯದು, ಫೀಸಿನ ಮನೆಯಲ್ಲಿ ಐದು ಸೊನ್ನೆ.
ಅಲ್ಲಿಯ ಮೇಡಂ ವಾರಕ್ಕೆ ಏಳು ಕೈಮಗ್ಗದ ಸೀರೆ ಕಳಿಸುತ್ತಾರೆ.
ಬಡತನದ ಪಾಠ ಇದ್ದ ದಿನ ಬಿಳಿ ಕಾಟನ್ನು,
ಗಂಜಿ ಸ್ವಲ್ಪ ಜಾಸ್ತಿ ಇರಲಿ ಅಂತ ಚೀಟಿ.
ಒಳ್ಳೆಯವರು. ಚಿಲ್ಲರೆ ವಾಪಸ್ಸು ಕೇಳುವುದಿಲ್ಲ.
ಮೋನಿಷಾ ಆ ಸಾಲಿಗೆ ಆಗಲೇ ಗೀಟು ಎಳೆದಿದ್ದಾಳೆ,
ಹೆಸರು ಕಾಣುವಷ್ಟು ತೆಳ್ಳಗೆ.

ಎರಡನೆಯದು ಟ್ರಸ್ಟಿನದು, ವಿಜಯನಗರದ ಆಚೆ.
ಚೀಟಿ ದುಡ್ಡು ಎತ್ತಿದರೆ ತೂಗಿಸಬಹುದು.
ಆಮೇಲೆ ಯೂನಿಫಾರ್ಮು ಎರಡು ಜೊತೆ, ಒಂದು ಬ್ಲೇಜರು,
ಕೊನೆಗೆ ಸಣ್ಣಕ್ಷರದಲ್ಲಿ ಅಭಿವೃದ್ಧಿ ಶುಲ್ಕ.
ಯಾರ ಅಭಿವೃದ್ಧಿ? ಕೇಳಿದೆ.
ಅದನ್ನೇ ಓದೋಕೆ ಹೊರಟಿದೀನಿ, ಅಂದಳು.

ಮೂರನೆಯದು ಸರ್ಕಾರಿ. ಫೀಸು ನನ್ನ ಕೆಲವು ವಾರದ ಇದ್ದಿಲು.
ಬಸ್ಸಿನ ಮನೆಯಲ್ಲಿ ಸೊನ್ನೆ, ಹೆಣ್ಣುಮಕ್ಕಳಿಗೆ ದುಡ್ಡಿಲ್ಲವಲ್ಲ;
ಹಾಗಾಗಿ ದೂರವನ್ನು ಗಂಟೆಯಲ್ಲಿ ಬರೆದಿದ್ದಾಳೆ,
ಹೋಗಿ ಬರಲು ಮೂರು.
ಆ ಕಾಲೇಜು ನನಗೆ ಚೆನ್ನಾಗಿ ಗೊತ್ತು:
ತಿಪ್ಪೇಸ್ವಾಮಿ ಮೇಷ್ಟ್ರ ಎರಡು ಅಂಗಿ,
ಒಂದು ನೀಲಿ, ಇನ್ನೊಂದು ಹಿಂದೆ ನೀಲಿಯಾಗಿದ್ದದ್ದು.
ಅತಿಥಿ ಉಪನ್ಯಾಸಕರು. ಹನ್ನೊಂದು ವರ್ಷದ ಅತಿಥಿ.
ಸಂಬಳ ಬರದ ತಿಂಗಳು ಅಂಗಿಯೂ ಬರುವುದಿಲ್ಲ,
ಸುಕ್ಕಿನಲ್ಲೇ ಪಾಠಕ್ಕೆ ಹೋಗುತ್ತಾರೆ
ನನ್ನ ಗಾಡಿ ತಪ್ಪಿಸಿ, ಆ ಬದಿಯ ಫುಟ್‌ಪಾತು ಹಿಡಿದು.

ಒಂದು ಸಲ ಮಳೆಗೆ ಟಾರ್ಪಾಲಿನಡಿ ಬಂದು ನಿಂತವರು ಕೇಳಿದರು:
ಮೊಬೈಲ್ ಲಾಂಡ್ರಿ ಬಂದ ಮೇಲೆ ಎಷ್ಟು ಮನೆ ಬಿಟ್ಟುಹೋದವು?
ನಾನು ಬೆರಳು ಮಡಚುತ್ತಾ ಹೇಳಿದೆ,
ಅವರು ಬಸ್ ಟಿಕೆಟ್ಟಿನ ಹಿಂದೆ ಬರಕೊಂಡರು.
ನನ್ನ ಲೆಕ್ಕ ಅದಕ್ಕೆ ಮುಂಚೆ ಯಾರೂ ಬರಕೊಂಡಿರಲಿಲ್ಲ.

ನಾಲ್ಕನೆಯದು ಮನೆಯಲ್ಲೇ ಕೂತು ಓದುವುದು.
ಪುಸ್ತಕ ಅಂಚೆಯಲ್ಲಿ, ಪರೀಕ್ಷೆಗೆ ಮಾತ್ರ ಹೋದರಾಯಿತು.
ಇದೇ ಸಾಕಲ್ವಾ, ಮನೆಮನೆಗೆ ಬಟ್ಟೆ ಮುಟ್ಟಿಸೋಕೂ ಜನ ಬೇಕು,
ಅಂದುಬಿಟ್ಟೆ.
ಅಂದ ಮೇಲೆ ತಿಳಿಯಿತು ಏನಂದೆ ಅಂತ.

ಅವಳು ತಲೆ ಎತ್ತಲಿಲ್ಲ.
ಬಲಗಡೆ ಇನ್ನೊಂದು ಉದ್ದಗೆರೆ ಎಳೆದು,
ಈ ಸಲ ಸ್ಕೇಲಿಲ್ಲದೆ,
ಮೇಲೆ ಬರೆದಳು: ಅಮ್ಮ.
ಕೆಳಗೆ ನಾಲ್ಕು ಮನೆ ಖಾಲಿ.

ಯಾರದೋ ಪ್ಯಾಂಟು ಅರ್ಧ ಕಾಲಿಗೆ ನಿಂತಿತ್ತು.
ಪೆಟ್ಟಿಗೆ ಕಲ್ಲಿನ ಮೇಲಿಟ್ಟು ಕೈ ಒರೆಸಿಕೊಂಡೆ,
ಪೆನ್ನು ಕೊಡು ಅಂದೆ.
ಮೂರನೇ ಸಾಲಿಗೆ ಹುಡುಕಿಕೊಂಡು ಹೋಗಿ ಬರೆದೆ:
ಬಟ್ಟೆ ನಾನೇ ಕೊಡ್ತೀನಿ.
ಅಕ್ಷರ ಮನೆ ದಾಟಿ ಗೆರೆಯ ಆಚೆ ಹೋಯಿತು.

ಗಂಟೆ ನಾಲ್ಕೂಕಾಲು. ಅವಳು ಓಡಿದಳು,
ಬಾಟಲಿ ಇಲ್ಲೇ ಮರೆತು.
ಕ್ಲಾಸು ಶುರುವಾದ ದಿನ ಅವಳ ಕೈಲಿ ಹೇಳಿ ಕಳಿಸಬೇಕು:
ಮೇಷ್ಟ್ರೇ, ಅಂಗಿ ತಂದು ಕೊಡಿ,
ದುಡ್ಡು ಯಾವಾಗ ಬರುತ್ತೋ ಬರಲಿ,
ಸುಕ್ಕು ಅಂಗಿಯಲ್ಲಿ ನಿಂತು
ನನ್ನ ಮಗಳಿಗೆ ಇತಿಹಾಸ ಹೇಳಕೂಡದು.